ಪಲ್ಪರ್ ಮೋಟರಿನಲ್ಲಿ ಬೆಲ್ಟ್ ಗ್ರೈಂಡರ್: ಸಿಂಗಲ್ ಫೇಸ್ ಮನೆಯಲ್ಲಿ ಓಡೀತಾ?

ಪ್ರಶ್ನೆ (ಪೊನ್ನಂಪೇಟೆ)

ಹಳೇ ಕಾಫಿ ಪಲ್ಪರ್‌ನಿಂದ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ತೆಗೆದ 2 ಎಚ್‌ಪಿ, 1440 ಆರ್‌ಪಿಎಂ ಮೂರು ಫೇಸ್ ಮೋಟರ್ ಇದೆ. ಮನೆಗೆ ಬರುವುದು ಸಿಂಗಲ್ ಫೇಸ್. ಇದರಲ್ಲಿ 50×1830 ಮಿ.ಮೀ. ಬೆಲ್ಟಿನ ಗ್ರೈಂಡರ್ ಕಟ್ಟಬೇಕು. ಲಾರಿ ಕಮಾನ್ ಪಟ್ಟಿಯಿಂದ ಮೊದಲು ತೋಟದ ಕತ್ತಿ, ಆಮೇಲೆ ಒಂದು ಒಡಿಕತ್ತಿ (ಕೊಡವರ ಅಗಲವಾದ ಬಾಗು ಕತ್ತಿ) ಮಾಡುವ ಆಸೆ. ಮೋಟರ್ ಆಗುತ್ತಾ? ಮೋಟರ್ ಶಾಫ್ಟಿಗೆ ಕೂರುವ ಡ್ರೈವ್ ವೀಲ್ ಎಷ್ಟು ದೊಡ್ಡದಿರಲಿ? ಒಡಿಕತ್ತಿಯ ಒಳಬಾಗಿದ ಬಾಯಿಗೆ ಚಪ್ಪಟೆ ಪ್ಲೇಟನ್ (ಬೆಲ್ಟಿನ ಹಿಂದೆ ಆಸರೆಯಾಗುವ ಪಟ್ಟಿ) ಸಾಕಾ?

ಉತ್ತರ 1 (ಕುಶಾಲನಗರ)

ಮೊದಲು ನೇಮ್‌ಪ್ಲೇಟ್ ಓದಿ ಸರ್. 415 ವೋಲ್ಟ್ ಪಕ್ಕ ಸ್ಟಾರ್ (ಮೂರು ಸುರುಳಿಗಳ ಒಂದೊಂದು ತುದಿ ಒಂದೆಡೆ ಸೇರುವ ಜೋಡಣೆ) ಅಂತಿದ್ದು, ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಲಿಂಕ್ ಪಟ್ಟಿಗಳನ್ನು ಡೆಲ್ಟಾಕ್ಕೆ (ಸುರುಳಿಗಳು ತ್ರಿಕೋನದಂತೆ ಒಂದಕ್ಕೊಂದು ಸೇರುವ ಜೋಡಣೆ) ಬದಲಿಸಿದರೆ ಅದೇ ಮೋಟರ್ 240 ವೋಲ್ಟಿನದಾಗುತ್ತದೆ. ಸಿಂಗಲ್ ಫೇಸ್ 230 ತಗೊಂಡು ಮೂರು ಫೇಸ್ 230 ಕೊಡುವ 1.5 ಕಿಲೋವ್ಯಾಟ್ ವಿಎಫ್‌ಡಿ (ಹರ್ಟ್ಸ್ ಬದಲಿಸಿ ಮೋಟರಿನ ವೇಗ ಏರಿಳಿಸುವ ಉಪಕರಣ) ಹಾಕಿ. ಮೂರೇ ವೈರ್ ಹೊರಬಂದಿದ್ದರೆ ಸ್ಟಾರ್ ಜೋಡಣೆ ಒಳಗೇ ಇದೆ ಎಂದರ್ಥ. ವೈಂಡಿಂಗ್‌ನವರಿಂದ ಬಿಚ್ಚಿಸಿ ಆರೂ ತುದಿ ಹೊರಗೆ ತರಿಸಬೇಕು. 415 ಡೆಲ್ಟಾ ಅಂತಿದ್ದರೆ ಆ ಮೋಟರ್ ಬಿಟ್ಟುಬಿಡಿ, 230ರಲ್ಲಿ ಅದಕ್ಕೆ ಬಲ ಬರುವುದಿಲ್ಲ.

ಡೆಲ್ಟಾ ಮಾಡಿದ ಮೇಲೆ ಆಂಪಿಯರ್ 1.73 ಪಟ್ಟು ಏರುತ್ತದೆ. ಪ್ಲೇಟಿನಲ್ಲಿ ಸ್ಟಾರ್‌ಗೆ 3.5 ಇದ್ದರೆ ವಿಎಫ್‌ಡಿಯಲ್ಲಿ 6 ಅಂತ ಹಾಕಿ. ಹಳೇ ಅಂಕಿಯನ್ನೇ ಹಾಕಿದರೆ ಕಬ್ಬಿಣ ಒತ್ತಿದ ಕೂಡಲೇ ಟ್ರಿಪ್ ಆಗುತ್ತದೆ.

ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಆಟೋ ರೀಸ್ಟಾರ್ಟ್ ಆಫ್ ಇರಲಿ. ಸ್ಟಾರ್ಟ್‌ಗೆ ಒತ್ತಿಬಿಡುವ ಬಟನ್ ಹಾಕಿ, ಒತ್ತಿದರೆ ಹಾಗೇ ನಿಲ್ಲುವ ಸ್ವಿಚ್ ಬೇಡ: ಕೆಲವು ವಿಎಫ್‌ಡಿಗಳು ಕರೆಂಟ್ ಬಂದ ಕ್ಷಣವೇ ಬೆಲ್ಟ್ ಓಡಿಸಿಬಿಡುತ್ತವೆ. ಕಬ್ಬಿಣದ ಧೂಳು ಒಳಗೆ ಹೋದರೆ ಬೋರ್ಡ್ ಶಾರ್ಟ್ ಆಗುತ್ತದೆ. ಕಿಡಿ ಹಾರುವ ದಿಕ್ಕು ಬಿಟ್ಟು, ಮುಚ್ಚಿದ ದೊಡ್ಡ ಪೆಟ್ಟಿಗೆಯಲ್ಲಿಡಿ. ಅರ್ತಿಂಗ್ ಬಿಡಲೇಬೇಡಿ.

ಉತ್ತರ 2 (ಗೋಣಿಕೊಪ್ಪ)

ಡ್ರೈವ್ ವೀಲ್ 125 ಮಿ.ಮೀ. ಮಾಡಿಸಿ. 50 ಹರ್ಟ್ಸ್‌ನಲ್ಲಿ ಬೆಲ್ಟ್ ಸೆಕೆಂಡಿಗೆ ಸುಮಾರು 9.4 ಮೀಟರ್ ಓಡುತ್ತದೆ. ಒರಟು ಕೆಲಸಕ್ಕೆ 75 ಹರ್ಟ್ಸ್‌ಗೆ ಏರಿಸಿದರೆ 14, ಹದ ಹಾಕಿದ (ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದ) ಮೇಲೆ 20 ಹರ್ಟ್ಸ್‌ಗೆ ಇಳಿಸಿದರೆ 4ರ ಒಳಗೆ. ಅಷ್ಟು ನಿಧಾನದಲ್ಲಿ ಮೋಟರಿನ ಫ್ಯಾನ್ ಸರಿಯಾಗಿ ಗಾಳಿ ಕೊಡದು, ಮೈ ಮುಟ್ಟಿ ನೋಡುತ್ತಿರಿ. ಈ ಅಳತೆಯ ಮೋಟರಿಗೆ ಸಾಮಾನ್ಯವಾಗಿ 90ಎಲ್ ಫ್ರೇಮ್ (ಮೋಟರ್ ಗಾತ್ರದ ಗುರುತು), ಶಾಫ್ಟ್ 24, ಕೀ 8 ಮಿ.ಮೀ.; ಆದರೂ ಅಳೆದೇ ಲೇಥ್‌ನವರಿಗೆ ಕೊಡಿ.

ಎಲ್ಲರೂ ಎಡವುವುದು ಟ್ರ್ಯಾಕಿಂಗ್‌ನಲ್ಲಿ, ಅಂದರೆ ಬೆಲ್ಟ್ ವೀಲಿನ ನಡುವೆಯೇ ಓಡುವಂತೆ ಮಾಡುವುದರಲ್ಲಿ. ಬೆಲ್ಟ್ ಯಾವಾಗಲೂ ಎತ್ತರದ ಕಡೆ ಹತ್ತುತ್ತದೆ. ಆದ್ದರಿಂದ ಮೇಲಿನ ಟ್ರ್ಯಾಕಿಂಗ್ ವೀಲಿಗೆ ಮಾತ್ರ ನಡುವೆ ಉಬ್ಬು ಇರಲಿ: ಅಂಚಿಗಿಂತ ನಡುವಿನ ವ್ಯಾಸ ಒಂದೂವರೆ ಮಿ.ಮೀ. ಹೆಚ್ಚು ಸಾಕು. ಉಳಿದ ವೀಲ್‌ಗಳು ಚಪ್ಪಟೆ. ಎಲ್ಲದಕ್ಕೂ ಉಬ್ಬು ಕೊಟ್ಟರೆ ಒಂದು ಎಳೆದ ಕಡೆಗೆ ಇನ್ನೊಂದು ಬಿಡುವುದಿಲ್ಲ, ಬೆಲ್ಟ್ ಅಲೆದಾಡುತ್ತದೆ. ಬೇರಿಂಗ್ 6202 ಟೂಆರ್‌ಎಸ್ ತಗೊಳ್ಳಿ. ರಬ್ಬರ್ ಸೀಲ್ ಇಲ್ಲದ್ದು ಧೂಳು ತಿಂದು ಬೇಗ ಕೂಗಲು ಶುರುಮಾಡುತ್ತದೆ.

ಫ್ರೇಮಿಗೆ ಸುಮಾರು 50 ಮಿ.ಮೀ. ಚೌಕ ಟ್ಯೂಬ್, ಗೋಡೆ 4.5, ಒಳಗೆ 40ರ ಟ್ಯೂಬ್ ಜಾರುವ ತೋಳಾಗುತ್ತದೆ. ಒಳಗಿನ ವೆಲ್ಡಿಂಗ್ ಗೀರನ್ನು ಉದ್ದಕ್ಕೂ ಅರ ಹಾಕಿ ತೆಗೆಯದಿದ್ದರೆ ತೋಳು ಒಳಗೆ ಹೋಗುವುದೇ ಇಲ್ಲ. ಪ್ಲೇಟನ್ ವೀಲ್‌ಗಳ ಗೆರೆಗಿಂತ 2–3 ಮಿ.ಮೀ. ಮುಂದಿರಲಿ.

ಪ್ರಶ್ನೆ ಕೇಳಿದವರು

ಬಹಳ ಉಪಕಾರ. ನೋಡಿದೆ: 415 ಸ್ಟಾರ್, ಆರು ತುದಿ ಇವೆ. ಒಡಿಕತ್ತಿಯ ವಿಷಯ ಯಾರಾದರೂ ಹೇಳಿ.

ಉತ್ತರ 3 (ವಿರಾಜಪೇಟೆ)

ಚಪ್ಪಟೆ ಪ್ಲೇಟನ್‌ನಲ್ಲಿ ಹಾಗೇ ಒತ್ತಿದರೆ ಕೆಡುತ್ತದೆ. ಬಾಯಿ ಒಳಕ್ಕೆ ಬಾಗಿರುವಾಗ ಅದರ ಇಳಿಜಾರೂ ಒಳಗುಳಿಯಾಗಿರುತ್ತದೆ. 50 ಮಿ.ಮೀ. ಅಗಲದ ಬೆಲ್ಟ್ ನಡುವೆ ಮುಟ್ಟುವುದಿಲ್ಲ, ಎರಡು ಅಂಚು ಮಾತ್ರ ಕಚ್ಚಿ ಗೀರು ಬೀಳುತ್ತದೆ. ಕಾಂಟ್ಯಾಕ್ಟ್ ವೀಲ್ (ಪ್ಲೇಟನ್ ಬದಲು ಬೆಲ್ಟಿನ ಹಿಂದೆ ಆಸರೆಯಾಗುವ ಚಕ್ರ) ಹಾಕಿ ಕತ್ತಿಯನ್ನು ಅಡ್ಡ ಹಿಡಿದರೂ ಅದೇ ಕಥೆ, ವೀಲ್ ಕೂಡ ಅಗಲಕ್ಕೆ ಚಪ್ಪಟೆಯೇ ತಾನೇ.

ದಾರಿ ಇದು: ಪ್ಲೇಟನ್‌ನ ಎರಡೂ ಉದ್ದಂಚನ್ನು 3 ಮಿ.ಮೀ. ದುಂಡು ಮಾಡಿ. ಮೆತ್ತನೆಯ ಜೆ ತೂಕದ ಬಟ್ಟೆ ಬೆಲ್ಟ್ ಹಾಕಿ, ಟ್ರ್ಯಾಕಿಂಗ್ ತಿರುಪಿ ಬೆಲ್ಟಿನ ಅಂಚು ಹೊರಗೆ 2–3 ಮಿ.ಮೀ. ಬರುವಂತೆ ಬಿಡಿ. ಆ ಅಂಚು ಬಾಗಿ ಕೊಡುತ್ತದೆ, ಕಚ್ಚುವುದಿಲ್ಲ. ಬಾಗು ಜಾಸ್ತಿ ಇರುವ ಜಾಗಕ್ಕೆ 25 ಮಿ.ಮೀ. ಅಗಲದ ಪ್ಲೇಟನ್ ಮತ್ತು ಬೆಲ್ಟ್ ಬೇರೆಯೇ ಇಟ್ಟುಕೊಳ್ಳುವುದು ಒಳ್ಳೆಯದು. ಕತ್ತಿಯನ್ನು ಒಂದೇ ಕಡೆ ನಿಲ್ಲಿಸದೆ ಹಿಡಿಯಿಂದ ತುದಿಗೆ ಎಳೆಯುತ್ತಾ ಹೋಗಿ.

ಒರಟಿಗೆ 36 ಅಥವಾ 60 ಗ್ರಿಟ್‌ನ (ಸಂಖ್ಯೆ ಕಡಿಮೆಯಾದಷ್ಟು ಒರಟು) ಸೆರಾಮಿಕ್ ಬೆಲ್ಟ್, ಆಮೇಲೆ 120, 220. ಹದಕ್ಕೆ ಮೊದಲೇ ಬಾಯಿ ತೀರಾ ತೆಳು ಮಾಡಬೇಡಿ, ಒಂದು ಮಿ.ಮೀ. ಬಿಡಿ, ಇಲ್ಲದಿದ್ದರೆ ಎಣ್ಣೆಗೆ ಅದ್ದುವಾಗ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಹದವಾದ ಮೇಲೆ ಬರಿಗೈಯಲ್ಲಿ ಹಿಡಿದು ಸಾಣೆ ಮಾಡಿ, ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಅಲಗಿನ ಅಂಚು ನೀಲಿ ತಿರುಗಿತೋ, ಅಲ್ಲಿ ಹದ ಹೋಯಿತು. ಹಿಡಿಯ ಮರ ಉಜ್ಜುವ ಮೊದಲು ಅಡಿಯ ಧೂಳೆಲ್ಲ ಗುಡಿಸಿ ತೆಗೆಯಿರಿ. ಮರದ ಪುಡಿಗೆ ಕಿಡಿ ಬಿದ್ದರೆ ಒಳಗೊಳಗೇ ಹೊಗೆಯಾಡುತ್ತದೆ.