ಅಪ್‌ಡೇಟ್: ಕೋಲಾರದ ಬೋರ್‌ವೆಲ್ ನೀರಿಗೆ ಫಿಲ್ಟರ್ ಹಾಕಿಸಿದ ಕಥೆ

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಕೋಲಾರದ ನಮ್ಮ ಮನೆ ನಲ್ಲಿಯ ಬೋರ್‌ವೆಲ್ ನೀರಿಗೆ ಯಾವ ಫಿಲ್ಟರ್ ಹಾಕಿಸಲಿ ಅಂತ? "ಮೊದಲು ನೀರು ಪರೀಕ್ಷೆ ಮಾಡಿಸಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಫ್ಲೋರೈಡ್ (ನೆಲದಡಿಯ ನೀರಿನಲ್ಲಿ ಕರಗಿರುವ ಒಂದು ಲವಣ) ಲೀಟರಿಗೆ 2.1 ಮಿಲಿಗ್ರಾಂ ಬಂತು. ಕುಡಿಯುವ ನೀರಲ್ಲಿ ಅದು 1.5 ದಾಟಬಾರದು, ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಲೆ ಬರಬಹುದು. ಮಗಳ ಹಲ್ಲಿನ ಕಂದು ಕಲೆ ನೆನಪಾಗಿ ಸಂಕಟವಾಯಿತು.

ಕುದಿಸಿ ಕುಡಿಯುವ ಸಲಹೆ ಇದಕ್ಕೆ ಆಗಲಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಯುವಿ ಫಿಲ್ಟರ್ ಕೊಲ್ಲುವುದು ಕ್ರಿಮಿಗಳನ್ನು ಮಾತ್ರ. ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಕೂಡ ಫ್ಲೋರೈಡ್ ಎಷ್ಟಿದೆ ಅಂತ ಹೇಳುವುದಿಲ್ಲ, ಇದು ನನಗೆ ಗೊತ್ತೇ ಇರಲಿಲ್ಲ!

ಕೊನೆಗೆ ಆರ್‌ಒ (ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವ ಫಿಲ್ಟರ್) ಹಾಕಿಸಿದೆವು. ಅದರ ನೀರನ್ನೂ ಪರೀಕ್ಷೆಗೆ ಕೊಟ್ಟೆ: ಫ್ಲೋರೈಡ್ 0.3ಕ್ಕೆ ಇಳಿದಿತ್ತು. ಅಡುಗೆಗೂ ಈಗ ಅದೇ ನೀರು. ಸೋಸುವಾಗ ಆರ್‌ಒದಿಂದ ಹೊರಗೆ ಹೋಗುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸುತ್ತೇವೆ. ನಮ್ಮೂರಲ್ಲಿ ನೀರು ಸುಮ್ನೆ ಚೆಲ್ಲಲು ಮನಸ್ಸು ಬರುವುದಿಲ್ಲ, ಅಲ್ವಾ?