ಟ್ಯಾಕ್ಸ್ ಕ್ರೆಡಿಟ್ ಹೋಗಿ ಯೂನಿವರ್ಸಲ್ ಕ್ರೆಡಿಟ್ ಬಂತು: ಮೈಸೂರಿನ ಸೈಟು ಲೆಕ್ಕಕ್ಕೆ ಬರುತ್ತಾ?

ಗ್ರೂಪ್ ಅಡ್ಮಿನ್: ಬ್ರಿಟನ್‌ನಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಸರ್ಕಾರ ಕೊಡುತ್ತಿದ್ದ ಟ್ಯಾಕ್ಸ್ ಕ್ರೆಡಿಟ್ 2025ರ ಏಪ್ರಿಲ್ 5ಕ್ಕೆ ಪೂರ್ತಿ ನಿಂತಿತು. ಅದನ್ನು ಪಡೆಯುತ್ತಿದ್ದ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಈಗ ಅದರ ಬದಲಿಗೆ ಬಂದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿದ್ದಾರೆ (ಚಿಕ್ಕದಾಗಿ ಯುಸಿ). ವೆಲ್ಫೇರ್ ರೈಟ್ಸ್ ಅಡ್ವೈಸರ್ (ಸರ್ಕಾರಿ ನೆರವಿನ ಬಗ್ಗೆ ಸಲಹೆ ಕೊಡುವವರು) ಆಗಿರುವ ನಮ್ಮ ಗ್ರೂಪಿನ ಮೇಡಂ ಈ ವಾರ ಉತ್ತರ ಕೊಡುತ್ತಾರೆ. ಹೆಸರು, ವಿಳಾಸ ಹಾಕಬೇಡಿ.

ಪ್ರಶ್ನೆ (ಲೆಸ್ಟರ್‌ನಿಂದ)

ನಮಸ್ಕಾರ ಮೇಡಂ. ನಾನು ಕೇರ್ ಹೋಮ್‌ನಲ್ಲಿ, ಯಜಮಾನರು ವೇರ್‌ಹೌಸ್‌ನಲ್ಲಿ ಕೆಲಸ. ಇಬ್ಬರು ಮಕ್ಕಳು. ಬಾಡಿಗೆ ಮನೆ. ಎಲ್ಲರಿಗೂ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಟ್ಯಾಕ್ಸ್ ಕ್ರೆಡಿಟ್ ನಿಲ್ಲುತ್ತದೆ ಎಂಬ ಪತ್ರ ಬಂದಾಗ ಗಡುವಿನೊಳಗೆ, 2025ರ ಫೆಬ್ರವರಿ 12ರಂದು, ಯುಸಿಗೆ ಅರ್ಜಿ ಹಾಕಿದೆವು. ಮನೆ ಕೊಳ್ಳೋಣ ಅಂತ ಕೂಡಿಟ್ಟ 19,000 ಪೌಂಡ್ ಇದೆ. ಅದನ್ನು ಅರ್ಜಿಯಲ್ಲಿ ಹೇಳಿದ್ದೇವೆ. ಒಂದು ವರ್ಷ ತೊಂದರೆ ಇಲ್ಲ ಎಂದರು.

ಹೇಳದೆ ಬಿಟ್ಟಿದ್ದು ಎರಡು. ಯಜಮಾನರ ಹೆಸರಲ್ಲಿ ಮೈಸೂರಿನಲ್ಲಿ ಒಂದು ಸೈಟಿದೆ. ಇನ್ನೊಂದು, ಹಾಸನದ ಮನೆ. ಅಪ್ಪ ಹೋದ ಮೇಲೆ ಖಾತೆ ನನ್ನ ಮತ್ತು ತಮ್ಮನ ಹೆಸರಿಗೆ ಆಗಿದೆ. ಅಮ್ಮ ಅಲ್ಲೇ ಇದ್ದಾರೆ, 72 ವರ್ಷ. ಟ್ಯಾಕ್ಸ್ ಕ್ರೆಡಿಟ್‌ನವರು ಇದನ್ನೆಲ್ಲ ಯಾವತ್ತೂ ಕೇಳಿರಲಿಲ್ಲ. ಪರಿಚಯದವರೊಬ್ಬರು "ಇಂಡಿಯಾದ್ದು ಇಲ್ಲಿ ಯಾರಿಗೆ ಗೊತ್ತಾಗುತ್ತೆ, ಸುಮ್ನೆ ಇರಿ" ಅಂದರು. ನನಗೆ ನಿದ್ದೆ ಬರುತ್ತಿಲ್ಲ. ಈಗ ಹೇಳಿದರೆ ಇಷ್ಟು ತಿಂಗಳ ಹಣ ವಾಪಸ್ ಕೇಳುತ್ತಾರಾ?

ಮತ್ತೆ, ಏಪ್ರಿಲ್‌ನಲ್ಲಿ ಎಲ್ಲರ ಯುಸಿ ಜಾಸ್ತಿ ಆಯಿತು, ನಮ್ಮದು ಮಾತ್ರ ಹಾಗೇ ಇದೆ. ಯಾಕೆ?

ಉತ್ತರ

ಸೈಟು ಲೆಕ್ಕಕ್ಕೆ ಬರುತ್ತದೆ. ಅಮ್ಮ ಇರುವ ಮನೆ ಬರುವುದಿಲ್ಲ. ಈಗ ಹೇಳಿದರೆ ಹಣ ವಾಪಸ್ ಕೊಡಬೇಕಾಗಿ ಬರುವುದಿಲ್ಲ. 2026ರ ಫೆಬ್ರವರಿ ದಾಟಿದ ಮೇಲೆ ಗೊತ್ತಾದರೆ ಕೊಡಬೇಕಾಗುತ್ತದೆ. ಹಾಗಾಗಿ ಇದೇ ವಾರ ಹೇಳಿಬಿಡಿ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಉಳಿತಾಯಕ್ಕೆ ಮಿತಿಯೇ ಇರಲಿಲ್ಲ. ಆದಾಯ ಮಾತ್ರ ನೋಡುತ್ತಿದ್ದರು. ಯುಸಿಯಲ್ಲಿ ಗಂಡ ಹೆಂಡತಿ ಇಬ್ಬರದೂ ಸೇರಿ 16,000 ಪೌಂಡ್ ಮೀರಿದರೆ ಅರ್ಹತೆಯೇ ಇಲ್ಲ. ಟ್ಯಾಕ್ಸ್ ಕ್ರೆಡಿಟ್‌ನಿಂದ ಪತ್ರ ಬಂದು, ಗಡುವಿನೊಳಗೆ ಬದಲಾದವರಿಗೆ ಮಾತ್ರ ಒಂದು ರಿಯಾಯಿತಿ ಇದೆ. 16,000 ಮೀರಿದ ಭಾಗವನ್ನು 12 ಅಸೆಸ್‌ಮೆಂಟ್ ಪೀರಿಯಡ್‌ವರೆಗೆ, ಅಂದರೆ ಹನ್ನೆರಡು ತಿಂಗಳ ಲೆಕ್ಕದವರೆಗೆ, ಬಿಟ್ಟುಬಿಡುತ್ತಾರೆ. 6,000ದಿಂದ 16,000ದ ನಡುವಿನ ಹಣಕ್ಕೆ ಮಾತ್ರ ರಿಯಾಯಿತಿ ಇಲ್ಲ. ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಆದಾಯ ಬರುತ್ತಿದೆ ಅಂತ ಹಿಡಿಯುತ್ತಾರೆ. ಹತ್ತು ಸಾವಿರಕ್ಕೆ ಅದು 174 ಪೌಂಡ್. ನಿಮ್ಮ ಸ್ಟೇಟ್‌ಮೆಂಟ್ ತೆರೆದು ನೋಡಿ, ಉಳಿತಾಯದ ಸಾಲಿನಲ್ಲಿ ಈ 174 ಇರಬೇಕು.

ಈಗ ಗಮನಿಸಿ. ನೀವು ಹೇಳಿರುವ 19,000 ಆಗಲೇ 16,000 ದಾಟಿದೆ. ಕಡಿತ ಆಗಬೇಕಾದಷ್ಟೂ ಆಗುತ್ತಿದೆ. ಅದರ ಮೇಲೆ ಸೈಟಿನ ಬೆಲೆ ಸೇರಿಸಿದರೂ ಅದೆಲ್ಲ ರಿಯಾಯಿತಿಯ ಭಾಗಕ್ಕೇ ಹೋಗುತ್ತದೆ. ಹಾಗಾಗಿ ಇಷ್ಟು ತಿಂಗಳು ನಿಮಗೆ ಬಂದ ಹಣ ಒಂದು ಪೌಂಡೂ ಬದಲಾಗುವುದಿಲ್ಲ. ಉಳಿತಾಯವನ್ನು ಮೊದಲೇ ಪ್ರಾಮಾಣಿಕವಾಗಿ ಹೇಳಿದ್ದೇ ಈಗ ನಿಮ್ಮನ್ನು ಕಾಯುತ್ತಿದೆ.

ಸೈಟಿಗೆ ಈವತ್ತಿನ ಮಾರುಕಟ್ಟೆ ಬೆಲೆ ಹಿಡಿಯುತ್ತಾರೆ, ಕೊಂಡ ಬೆಲೆ ಅಲ್ಲ. ಅದರಲ್ಲಿ ಮಾರಾಟದ ಖರ್ಚಿಗೆ ಅಂತ ಶೇಕಡಾ 10 ಕಳೆಯುತ್ತಾರೆ. ಆ ಸೈಟಿನ ಮೇಲೆ ಸಾಲ ಇದ್ದರೆ ಅದನ್ನೂ ಕಳೆಯುತ್ತಾರೆ. ಪೌಂಡಿಗೆ 115 ರೂಪಾಯಿ ಅಂತಿಟ್ಟುಕೊಂಡರೆ 30 ಲಕ್ಷದ ಸೈಟು ಸುಮಾರು 26,000 ಪೌಂಡ್ ಆಗುತ್ತದೆ. ಹತ್ತು ಪರ್ಸೆಂಟ್ ಕಳೆದರೂ 23,000ದ ಮೇಲೆಯೇ. ಅಂದರೆ 19,000ವನ್ನು ಪಕ್ಕಕ್ಕಿಟ್ಟರೂ ಸೈಟು ಒಂದೇ ಮಿತಿ ದಾಟಿಸುತ್ತದೆ.

ಹಾಸನದ ಮನೆ ಬೇರೆ. ಪೆನ್ಷನ್ ಕ್ರೆಡಿಟ್ ವಯಸ್ಸು (ಬ್ರಿಟನ್‌ನ ಸರ್ಕಾರಿ ಪಿಂಚಣಿ ವಯಸ್ಸು, 2025ರಲ್ಲಿ 66) ದಾಟಿದ ಹತ್ತಿರದ ಸಂಬಂಧಿಕರು ತಮ್ಮ ಮನೆಯಾಗಿ ಮಾಡಿಕೊಂಡು ಇರುವ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ನಿಯಮ ಸ್ಪಷ್ಟವಾಗಿದೆ. ಆ ಮನೆ ಇಂಡಿಯಾದಲ್ಲಿದ್ದರೂ ಸರಿ. ಆದರೂ ಅದನ್ನು ಹೇಳಿ. ಅಮ್ಮನ ಆಧಾರ್ ಪ್ರತಿ ಕೊಡಿ. ಹುಟ್ಟಿದ ವರ್ಷ, ಹಾಸನದ ವಿಳಾಸ ಎರಡೂ ಅದರಲ್ಲಿ ಸಿಗುತ್ತವೆ.

ನಿಮ್ಮ ಪರಿಚಯದವರ ಮಾತಿನ ಬಗ್ಗೆ. ನನ್ನ ಮುಂದೆ ಅತ್ತವರಲ್ಲಿ ಹೆಚ್ಚಿನವರು ಇದೇ ಮಾತು ಕೇಳಿ ಸುಮ್ಮನಿದ್ದವರು. ದಯವಿಟ್ಟು ಯಾರೂ ಈ ಸಲಹೆ ಹಂಚಬೇಡಿ. ಭಾರತ ಮತ್ತು ಬ್ರಿಟನ್ 2017ರಿಂದ ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತಿವೆ. ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಎಫ್‌ಡಿ ಎಲ್ಲ ಅದರಲ್ಲಿ ಬರುತ್ತವೆ. ಸೈಟಿನ ತೆರಿಗೆಯೋ ಬಾಡಿಗೆಯೋ ಆ ಖಾತೆಯಲ್ಲಿ ಓಡಾಡಿದರೆ ಪ್ರಶ್ನೆ ಬರಬಹುದು. ಆಗ ತಿಂಗಳು ತಿಂಗಳ ಪೂರ್ತಿ ಹಣ ವಾಪಸ್, ಮೇಲೆ ಬೇಕೆಂದೇ ಮುಚ್ಚಿಟ್ಟಿರಿ ಎಂಬ ಆರೋಪ.

ಏಪ್ರಿಲ್ ಪ್ರಶ್ನೆಗೆ: ನಿಮಗೆ ಟ್ರಾನ್ಸಿಷನಲ್ ಎಲಿಮೆಂಟ್ ಅಂತ ಒಂದು ಮೊತ್ತ ಸಿಗುತ್ತಿದೆ. ಬದಲಾದ ದಿನ ಯುಸಿ ಹಳೆಯದಕ್ಕಿಂತ ಕಡಿಮೆ ಬಂದರೆ ಆ ವ್ಯತ್ಯಾಸ ತುಂಬಿಕೊಡುವ ಹಣ ಅದು. ಆಮೇಲೆ ಬೇರೆ ಭಾಗಗಳು ಹೆಚ್ಚಾದಷ್ಟೂ ಇದು ಕರಗುತ್ತದೆ. ಏಪ್ರಿಲ್ 2025ರಲ್ಲಿ ದಂಪತಿಗಳ ಸ್ಟ್ಯಾಂಡರ್ಡ್ ಅಲೋವೆನ್ಸ್ (ಯುಸಿಯ ಮೂಲ ಮೊತ್ತ) 617.60ರಿಂದ 628.10 ಪೌಂಡ್ ಆಯಿತು. ಆ 10.50 ಹೆಚ್ಚಳವೂ ಮಕ್ಕಳ ಭಾಗದ ಹೆಚ್ಚಳವೂ ನಿಮ್ಮ ಟ್ರಾನ್ಸಿಷನಲ್ ಎಲಿಮೆಂಟ್‌ನಲ್ಲಿ ಕಡಿಮೆಯಾಗಿವೆ. ತಪ್ಪು ಲೆಕ್ಕವಲ್ಲ. ಚೈಲ್ಡ್‌ಕೇರ್ ಖರ್ಚಿನ ಭಾಗ ಹೆಚ್ಚಾದರೆ ಮಾತ್ರ ಇದು ಕರಗುವುದಿಲ್ಲ.

ಅದೇ ಸದಸ್ಯೆ

ತುಂಬಾ ಧನ್ಯವಾದ ಮೇಡಂ. ಹಾಗಾದರೆ ಫೆಬ್ರವರಿಯಲ್ಲಿ ಯುಸಿ ನಿಂತೇ ಹೋಗುತ್ತಾ? ಸೈಟನ್ನು ಮೈದುನನ ಹೆಸರಿಗೆ ದಾನಪತ್ರ ಮಾಡಿಸಿದರೆ?

ಉತ್ತರ

ದಾನಪತ್ರ ಬೇಡವೇ ಬೇಡ. ಬೆನಿಫಿಟ್ ಉಳಿಸಿಕೊಳ್ಳಲು ಆಸ್ತಿ ಕೈಬಿಟ್ಟರೆ ಅದು ಇನ್ನೂ ನಿಮ್ಮದೇ ಅಂತ ಲೆಕ್ಕ ಹಾಕುತ್ತಾರೆ. ಸೈಟೂ ಹೋಗುತ್ತದೆ, ಯುಸಿಯೂ ಬರುವುದಿಲ್ಲ.

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಬರೆದ ಅಂಕಿಗಳ ಪ್ರಕಾರ 2026ರ ಫೆಬ್ರವರಿ 11ಕ್ಕೆ ಹನ್ನೆರಡನೇ ಅವಧಿ ಮುಗಿದ ಮೇಲೆ ಯುಸಿ ನಿಲ್ಲುತ್ತದೆ. ಈಗಿನಿಂದಲೇ ಮನೆ ಬಜೆಟ್ ಅದಕ್ಕೆ ಹೊಂದಿಸಿಕೊಳ್ಳಿ. ಕ್ರೆಡಿಟ್ ಕಾರ್ಡ್ ಸಾಲ, ಕಾರಿನ ಸಾಲ ಇದ್ದರೆ ಉಳಿತಾಯದಿಂದ ತೀರಿಸಿ. ಸಾಲ ತೀರಿಸುವುದನ್ನು ಆಸ್ತಿ ಕೈಬಿಟ್ಟಂತೆ ನೋಡುವುದಿಲ್ಲ. ರಸೀದಿ ಇಟ್ಟುಕೊಳ್ಳಿ. ಚೈಲ್ಡ್ ಬೆನಿಫಿಟ್‌ಗೂ ಇದಕ್ಕೂ ಸಂಬಂಧವಿಲ್ಲ, ಅದು ಬರುತ್ತಲೇ ಇರುತ್ತದೆ. ಮಕ್ಕಳಿಗೆ ಶಾಲೆಯಲ್ಲಿ ಉಚಿತ ಊಟ ಯುಸಿ ಮೇಲೆ ಸಿಗುತ್ತಿದ್ದರೆ ಶಾಲೆಯವರನ್ನು ಒಮ್ಮೆ ಕೇಳಿ.

ಮುಂದೆ ಸೈಟು ಮಾರಿ, ಹಣ ನ್ಯಾಯವಾಗಿ ಖರ್ಚಾಗಿ, ಒಟ್ಟು 16,000ದೊಳಗೆ ಬಂದರೆ ಹೊಸದಾಗಿ ಅರ್ಜಿ ಹಾಕಬಹುದು. ಆಗ ಟ್ರಾನ್ಸಿಷನಲ್ ಎಲಿಮೆಂಟ್ ಇರುವುದಿಲ್ಲ.

ಪ್ರಶ್ನೆ (ಸ್ಲೌನಿಂದ)

ಮೇಡಂ, ನಮ್ಮದು ಪಾಲಾಗದ ಜಮೀನು. ತುಮಕೂರು ಹತ್ತಿರ ನಾಲ್ಕು ಎಕರೆ. ಅಪ್ಪ ತೀರಿಕೊಂಡಿದ್ದಾರೆ, ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದೆ. ಪೌತಿ ಖಾತೆ ಆಗಿಲ್ಲ. ಅಣ್ಣಂದಿರು ನನ್ನನ್ನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅನ್ನುತ್ತಿದ್ದಾರೆ. ನಾನು ಯುಸಿಯಲ್ಲಿದ್ದೇನೆ, ಒಬ್ಬಳೇ ಮಗಳನ್ನು ಸಾಕುತ್ತಿದ್ದೇನೆ.

ಉತ್ತರ

ಸಹಿ ಹಾಕುವ ಮೊದಲು ನಿಲ್ಲಿ. ಪಹಣಿಯಲ್ಲಿ ಹೆಸರು ಇಲ್ಲದಿದ್ದರೂ ಅಪ್ಪ ತೀರಿಕೊಂಡಾಗಲೇ ನಿಮ್ಮ ಪಾಲು ನಿಮ್ಮದು. ಈಗ ಬಿಟ್ಟುಕೊಟ್ಟರೆ ಯುಸಿಗಾಗಿ ಬಿಟ್ಟಿರಾ ಎಂಬ ಪ್ರಶ್ನೆ ಬರುತ್ತದೆ. ಅದಕ್ಕಿಂತ ದೊಡ್ಡದು, ಒಬ್ಬರೇ ಮಗಳನ್ನು ಸಾಕುತ್ತಿರುವ ನೀವು ಯಾಕೆ ಬಿಟ್ಟುಕೊಡಬೇಕು? ಊರಿನ ವಕೀಲರೊಬ್ಬರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಬೇಡ.

ಯುಸಿ ಮಟ್ಟಿಗೆ ಹೇಳುವುದಾದರೆ, ಪಾಲು ಇದೆ ಎಂದ ಮಾತ್ರಕ್ಕೆ ಹೆದರಬೇಡಿ. ನಾಲ್ಕು ಎಕರೆಯ ಪೂರ್ತಿ ಬೆಲೆಯನ್ನು ಭಾಗ ಮಾಡುವುದಲ್ಲ, ಪಾಲಾಗದ ಒಂದು ಹಿಸ್ಸೆಗೆ ಮಾತ್ರ ಯಾರಾದರೂ ಎಷ್ಟು ಕೊಟ್ಟಾರು ಅನ್ನುವುದನ್ನು ನೋಡಬೇಕು. ಅಣ್ಣಂದಿರು ಉಳುತ್ತಿರುವ, ಗಡಿ ಗುರುತಿಲ್ಲದ ಹಿಸ್ಸೆಯನ್ನು ಹೊರಗಿನವರು ಕೊಳ್ಳಲು ಬರುವುದು ಅಪರೂಪ. ಜೊತೆಗೆ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಕೃಷಿ ಜಮೀನನ್ನು ಭಾರತದಲ್ಲೇ ಇರುವ ಭಾರತೀಯರಿಗೆ ಮಾತ್ರ ಮಾರಬಹುದು. ಇವೆರಡೂ ಬೆಲೆ ಇಳಿಸುತ್ತವೆ. ರಿಜಿಸ್ಟರ್ಡ್ ವ್ಯಾಲ್ಯುಯರ್ ಒಬ್ಬರಿಂದ "ಅವಿಭಕ್ತ ಪಾಲಿನ ಬೆಲೆ" ಎಂದೇ ಬರೆಸಿಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದ ಚೀಟಿ ಸಾಲದು, ಅದು ಪೂರ್ತಿ ಜಮೀನಿನ ಲೆಕ್ಕ.

ಪ್ರಶ್ನೆ (ಮಿಲ್ಟನ್ ಕೀನ್ಸ್‌ನಿಂದ)

ಪ್ರತಿ ಬೇಸಿಗೆ ರಜೆಯ ಆರು ವಾರ ಪೂರ್ತಿ ಊರಿಗೆ ಹೋಗುತ್ತೇವೆ. ಟ್ಯಾಕ್ಸ್ ಕ್ರೆಡಿಟ್ ಇದ್ದಾಗ ಏನೂ ತೊಂದರೆ ಆಗಿರಲಿಲ್ಲ. ಈಗಲೂ ಹೋಗಬಹುದು ಅಲ್ವಾ?

ಉತ್ತರ

ಇಲ್ಲ. ಟಿಕೆಟ್ ಬುಕ್ ಮಾಡಿದ್ದರೆ ಬದಲಾಯಿಸಿ. ಟ್ಯಾಕ್ಸ್ ಕ್ರೆಡಿಟ್‌ನಲ್ಲಿ 8 ವಾರದವರೆಗೆ ಹೊರಗಿರಬಹುದಿತ್ತು. ಯುಸಿಯಲ್ಲಿ ಒಂದು ತಿಂಗಳು ಮಾತ್ರ. ಆರು ವಾರದ ಟಿಕೆಟ್ ಇಟ್ಟುಕೊಂಡು ಹೊರಟರೆ ಮೊದಲ ತಿಂಗಳೂ ಸಿಗುವುದಿಲ್ಲ, ಯಾಕೆಂದರೆ ಹೊರಡುವಾಗಲೇ ತಿಂಗಳಿಗಿಂತ ಜಾಸ್ತಿ ಅಂತ ಗೊತ್ತಿತ್ತು. ವಾಪಸ್ ಬಂದು ಹೊಸ ಅರ್ಜಿ ಹಾಕಬೇಕು. ಟ್ರಾನ್ಸಿಷನಲ್ ಎಲಿಮೆಂಟ್ ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ. ಮಕ್ಕಳನ್ನು ಮಾತ್ರ ಅಜ್ಜಿ ಮನೆಯಲ್ಲಿ ಆರು ವಾರ ಬಿಟ್ಟು ಬಂದರೂ ಮಕ್ಕಳ ಭಾಗ ನಿಲ್ಲುತ್ತದೆ.

ಅಲ್ಲಿದ್ದಾಗ ಹತ್ತಿರದವರು ತೀರಿಕೊಂಡು, ತಿಂಗಳೊಳಗೆ ಹಿಂದಿರುಗಲು ಆಗದಂಥ ಪರಿಸ್ಥಿತಿ ಬಂದರೆ ಇನ್ನೊಂದು ತಿಂಗಳು ಕೊಡುತ್ತಾರೆ. ತಿಥಿ ಮುಗಿಸಿಯೇ ಬರಬಹುದು. ಆದರೆ ಆಗಲೇ ಜರ್ನಲ್‌ನಲ್ಲಿ (ಯುಸಿಯವರಿಗೆ ಆನ್‌ಲೈನ್‌ನಲ್ಲಿ ಸಂದೇಶ ಬರೆಯುವ ಜಾಗ) ತಿಳಿಸಬೇಕು.

ಪ್ರಶ್ನೆ (ಬರ್ಮಿಂಗ್‌ಹ್ಯಾಮ್‌ನಿಂದ)

ನಾನು ಬ್ರಿಟಿಷ್, ಹೆಂಡತಿ ಸ್ಪೌಸ್ ವೀಸಾದಲ್ಲಿದ್ದಾಳೆ. ಪಬ್ಲಿಕ್ ಫಂಡ್ಸ್ (ಸರ್ಕಾರಿ ನೆರವು) ಇಲ್ಲ ಅಂತ ವೀಸಾದಲ್ಲಿ ಇದೆ. ಟ್ಯಾಕ್ಸ್ ಕ್ರೆಡಿಟ್ ಜಂಟಿಯಾಗಿ ಬರುತ್ತಿತ್ತು. ಯುಸಿಯಲ್ಲಿ ನನ್ನೊಬ್ಬನಿಗೇ ಲೆಕ್ಕ ಹಾಕಿದ್ದಾರೆ, ಆದರೆ ಅವಳ ಸಂಬಳ ಸೇರಿಸಿದ್ದಾರೆ. ಇದು ಅನ್ಯಾಯ ಅಲ್ವಾ?

ಉತ್ತರ

ಅನ್ಯಾಯ ಅನ್ನಿಸುವುದು ಸಹಜ, ನನಗೂ ಅನ್ನಿಸುತ್ತದೆ. ಆದರೆ ನಿಯಮ ಹಾಗೇ ಇದೆ. ನಿಮಗೆ ಒಂಟಿಯವರ ದರ, 2025-26ರಲ್ಲಿ ಅದು ತಿಂಗಳಿಗೆ 400.14 ಪೌಂಡ್ ಇತ್ತು. ಆಕೆಯ ಸಂಬಳವೂ ಉಳಿತಾಯವೂ ಲೆಕ್ಕಕ್ಕೆ ಬರುತ್ತವೆ. ಒಂದು ಸಮಾಧಾನ: ಆಕೆಯ ಹೆಸರಿನಲ್ಲಿ ಹೆಚ್ಚುವರಿ ಏನೂ ಬರುತ್ತಿಲ್ಲವಾದ್ದರಿಂದ ವೀಸಾ ಷರತ್ತು ಮುರಿದಂತೆ ಆಗುವುದಿಲ್ಲ. ವೀಸಾ ಬದಲಾಗಿ ಐಎಲ್‌ಆರ್ (ಶಾಶ್ವತವಾಗಿ ನೆಲೆಸುವ ಅನುಮತಿ) ಸಿಕ್ಕ ದಿನವೇ ತಿಳಿಸಿ.

ಪ್ರಶ್ನೆ (ಲಂಡನ್ನಿನಿಂದ)

ನಾನು ಮಿನಿಕ್ಯಾಬ್ ಓಡಿಸುತ್ತೇನೆ. 2025ರ ಜನವರಿಯಲ್ಲಿ ಯುಸಿಗೆ ಬಂದೆ. ಒಂದು ವರ್ಷ ಆದ ಮೇಲೆ ದುಡಿಯದ ಹಣವನ್ನೂ ದುಡಿದಿದ್ದೀಯ ಅಂತಾರೆ ಎಂದು ಕೇಳಿದೆ. ನಿಜವೇ?

ಉತ್ತರ

ಹೌದು. ಮಿನಿಮಮ್ ಇನ್‌ಕಮ್ ಫ್ಲೋರ್ ಅಂತ ಕರೆಯುತ್ತಾರೆ. ಟ್ಯಾಕ್ಸ್ ಕ್ರೆಡಿಟ್‌ನಿಂದ ಬಂದ ಸ್ವಂತ ಉದ್ಯೋಗದವರಿಗೆ ಮೊದಲ 12 ತಿಂಗಳು ಬಿಡುವು ಇರುತ್ತದೆ. ಆಮೇಲೆ ಸಾಮಾನ್ಯವಾಗಿ ವಾರಕ್ಕೆ 35 ಗಂಟೆ, ಕನಿಷ್ಠ ಕೂಲಿ ದರದಲ್ಲಿ (2025-26ರಲ್ಲಿ ಗಂಟೆಗೆ 12.21 ಪೌಂಡ್) ಲೆಕ್ಕ ಹಾಕುತ್ತಾರೆ. ಆ ದರದಲ್ಲಿ ತಿಂಗಳಿಗೆ ತೆರಿಗೆ ಕಳೆಯುವ ಮೊದಲು ಸುಮಾರು 1,850 ಪೌಂಡ್. ನೀವು 1,100 ದುಡಿದರೂ ಅಷ್ಟು ದುಡಿದಿದ್ದೀರಿ ಎಂದೇ ಹಿಡಿಯುತ್ತಾರೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ನೀವೇ ಆದರೆ, ಅಥವಾ ಆರೋಗ್ಯದ ತೊಂದರೆ ಇದ್ದರೆ ಗಂಟೆ ಕಡಿಮೆ ಮಾಡಿಸಬಹುದು. ಅದನ್ನು ಅವರಾಗಿ ಕೇಳುವುದಿಲ್ಲ. ಜನವರಿಗೆ ಮುಂಚೆಯೇ ವರ್ಕ್ ಕೋಚ್ (ಯುಸಿ ಕಡೆಯಿಂದ ನಿಮ್ಮನ್ನು ನೋಡಿಕೊಳ್ಳುವ ಅಧಿಕಾರಿ) ಜೊತೆ ಮಾತಾಡಿ.

ಮತ್ತೆ ಲೆಸ್ಟರ್‌ನ ಸದಸ್ಯೆ

ಮೇಡಂ, ಜರ್ನಲ್‌ನಲ್ಲಿ ಹೇಗೆ ಬರೆಯಲಿ? ಇಂಗ್ಲಿಷ್‌ನಲ್ಲಿ ಇಷ್ಟೆಲ್ಲ ವಿವರಿಸಲು ಭಯ.

ಉತ್ತರ

ಉದ್ದ ಬೇಡ. ಮೂರು ವಿಷಯ ಸಾಕು: ಗಂಡನ ಹೆಸರಲ್ಲಿ ಇಂಡಿಯಾದಲ್ಲಿ ಖಾಲಿ ಸೈಟಿದೆ, ಅಂದಾಜು ಬೆಲೆ ಇಷ್ಟು. ನನ್ನ ಮತ್ತು ತಮ್ಮನ ಹೆಸರಲ್ಲಿ ಮನೆ ಇದೆ, ಅದರಲ್ಲಿ 72 ವರ್ಷದ ತಾಯಿ ವಾಸವಾಗಿದ್ದಾರೆ. ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಇದನ್ನು ಕೇಳದ ಕಾರಣ ಅರ್ಜಿಯಲ್ಲಿ ಬರೆದಿರಲಿಲ್ಲ, ಈಗ ತಿಳಿಸುತ್ತಿದ್ದೇನೆ. ಯಾವುದೇ ನೆಪ, ಕ್ಷಮಾಪಣೆಯ ಪ್ಯಾರಾ ಬೇಡ. ಅವರು ಫೋನ್ ಮಾಡಿದರೆ ದುಭಾಷಿ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕರಡು ಬರೆದು ನನಗೆ ಮೆಸೇಜ್ ಮಾಡಿ, ನೋಡಿಕೊಡುತ್ತೇನೆ. ಕಳಿಸಿದ ಮೇಲೆ ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.