ಕ್ರಿಸ್‌ಮಸ್ ಕ್ಯಾರಲ್‌ಗಳನ್ನು ಬ್ಲೂಗ್ರಾಸ್ ಶೈಲಿಯಲ್ಲಿ ಹಾಡುವುದು ಹೇಗೆ?

ರಾಬರ್ಟ್‌ಸನ್‌ಪೇಟೆ ಗಿಟಾರ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಕೆಜಿಎಫ್‌ನವನು. ನಮ್ಮ ಚರ್ಚ್ ಸಭೆಯ ಯುವಕ ಯುವತಿಯರು ಪ್ರತಿ ಡಿಸೆಂಬರ್‌ನಲ್ಲಿ ರಾತ್ರಿ ಹೊತ್ತು ಮನೆಮನೆಗೆ ಹೋಗಿ ಕನ್ನಡ, ತಮಿಳು, ಇಂಗ್ಲಿಷ್ ಕ್ಯಾರಲ್‌ಗಳನ್ನು ಹಾಡುತ್ತೇವೆ. ಕೆಲವು ವರ್ಷಗಳಿಂದ ಕೀಬೋರ್ಡ್ ಮತ್ತು ಸ್ಪೀಕರ್‌ಗಳನ್ನು ಲಗೇಜ್ ಆಟೋದಲ್ಲಿ ಇಟ್ಟುಕೊಂಡು ಹೋಗುವ ರೂಢಿಯಾಗಿದ್ದು, ಆ ಸದ್ದಿನಲ್ಲಿ ಹಾಡುವವರ ದನಿಯೇ ಕೇಳಿಸದಂತಾಗಿದೆ ಎಂಬುದು ನನ್ನ ಕೊರಗು. ಈಚೆಗೆ ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದ ತಂಡಗಳ ಕ್ರಿಸ್‌ಮಸ್ ಹಾಡುಗಳನ್ನು ಕೇಳಿದೆ. ಡ್ರಮ್ ಇಲ್ಲ, ಕೀಬೋರ್ಡ್ ಇಲ್ಲ. ಬರೀ ತಂತಿವಾದ್ಯಗಳು ಮತ್ತು ಮೂರ್ನಾಲ್ಕು ಕಂಠಗಳು. ಆದರೂ ಲಯ ಎಲ್ಲಿಯೂ ಸಡಿಲವಾಗುವುದಿಲ್ಲ.

ನಮ್ಮಲ್ಲಿ ಎರಡು ಗಿಟಾರ್‌ಗಳಿವೆ, ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತ ಒಬ್ಬ ಹುಡುಗಿಯಿದ್ದಾಳೆ, ಗಣಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಾತನವರ ಹಳೆಯ ಮ್ಯಾಂಡೊಲಿನ್ ಇದೆ. ಆ ತಂಡಗಳು ಮೀಟುವ ಬ್ಯಾಂಜೊ ಎಂಬ ತಂತಿವಾದ್ಯ ಇಲ್ಲ. ಇಷ್ಟರಲ್ಲೇ ಆ ಶೈಲಿಯನ್ನು ಸಾಧಿಸಬಹುದೇ? ಡ್ರಮ್ ಇಲ್ಲದೆ ಲಯವನ್ನು ಹಿಡಿದು ನಿಲ್ಲಿಸುವವರು ಯಾರು? ಯಾವ ಹಾಡಿನಿಂದ ಆರಂಭಿಸಿದರೆ ಒಳ್ಳೆಯದು?

ಕ್ಯಾತ್ಸಂದ್ರದ ಪಿಟೀಲು ಮೇಷ್ಟ್ರು:

ಖಂಡಿತವಾಗಿ ಸಾಧ್ಯ. ಬ್ಯಾಂಜೊ ಇಲ್ಲವೆಂದು ಚಿಂತಿಸಬೇಡಿ. ಈ ಸಂಗೀತಕ್ಕೆ ರೂಪ ಕೊಟ್ಟ ಕೆಂಟಕಿಯ ಬಿಲ್ ಮನ್ರೋ ಅವರು ನುಡಿಸುತ್ತಿದ್ದುದು ನಿಮ್ಮ ತಾತನವರ ವಾದ್ಯವನ್ನೇ. 1939ರಲ್ಲಿ ಅವರು ತಮ್ಮ ಬ್ಲೂ ಗ್ರಾಸ್ ಬಾಯ್ಸ್ ತಂಡದೊಡನೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮವನ್ನು ಸೇರಿದಾಗ ಆ ತಂಡದಲ್ಲಿ ಬ್ಯಾಂಜೊ ಇರಲಿಲ್ಲ. ಮೂರು ಬೆರಳುಗಳಿಂದ ಬ್ಯಾಂಜೊ ಮೀಟುವ ಅರ್ಲ್ ಸ್ಕ್ರಗ್ಸ್ 1945ರ ಡಿಸೆಂಬರ್‌ನಲ್ಲಿ ಬಂದು ಸೇರಿದ ಮೇಲೆಯೇ ನಾವು ಇಂದು ಗುರುತಿಸುವ ನಾದ ಪೂರ್ತಿಯಾಯಿತು.

ಲಯದ ಪ್ರಶ್ನೆಗೆ ಉತ್ತರ ಕೆಲಸದ ಹಂಚಿಕೆಯಲ್ಲಿದೆ. ನಾಲ್ಕು ಎಣಿಕೆಯ ಆವರ್ತದಲ್ಲಿ ಒಂದು ಮತ್ತು ಮೂರನೆಯ ಎಣಿಕೆಗೆ ದೊಡ್ಡ ಬೇಸ್ ವಾದ್ಯ ತಳದ ಸ್ವರವನ್ನು ಮೀಟುತ್ತದೆ. ಎರಡು ಮತ್ತು ನಾಲ್ಕನೆಯ ಎಣಿಕೆಗೆ ಮ್ಯಾಂಡೊಲಿನ್ ನುಡಿಸುವವರು ಸ್ವರಗುಚ್ಛವನ್ನು ಮೀಟಿ, ಮೀಟಿದ ಕ್ಷಣದಲ್ಲೇ ಎಡಗೈ ಬೆರಳುಗಳನ್ನು ಸಡಿಲಿಸಿ ನಾದವನ್ನು ಅಡಗಿಸುತ್ತಾರೆ; ಆಗ ಸ್ವರಕ್ಕಿಂತ ಹೆಚ್ಚಾಗಿ ಕೊಡಲಿಯಿಂದ ಸೌದೆ ಸೀಳಿದಂಥ ಒಂದು ಪೆಟ್ಟು ಕೇಳಿಸುತ್ತದೆ. ಇದನ್ನು ಚಾಪ್ ಎನ್ನುತ್ತಾರೆ. ಡ್ರಮ್ಮಿನ ಕೆಲಸ ಮಾಡುವುದು ಇದೇ. ನಿಮ್ಮಲ್ಲಿ ಬೇಸ್ ಇಲ್ಲವಾದ್ದರಿಂದ ಒಂದು ಗಿಟಾರ್ ದಪ್ಪ ತಂತಿಗಳ ಮೇಲೆ ಆ ಪಾತ್ರವನ್ನು ವಹಿಸಿಕೊಳ್ಳಲಿ. ಎರಡು ಗಿಟಾರ್‌ಗಳೂ ಒಂದೇ ರೀತಿ ಮೀಟತೊಡಗಿದರೆ ಕೆಸರಾಗುತ್ತದೆ, ಇದನ್ನು ನಾನು ಒತ್ತಿ ಹೇಳುತ್ತೇನೆ.

ಪಿಟೀಲಿನ ಹುಡುಗಿಗೆ ಒಂದು ಮಾತು. ನಾವು ಪಿಟೀಲನ್ನು ಸ-ಪ-ಸ-ಪ ಎಂದು ಶ್ರುತಿ ಮಾಡುತ್ತೇವೆ. ಅಲ್ಲಿ ಫಿಡಲ್ (ಪಿಟೀಲಿಗೆ ಅವರ ಹೆಸರು) ಮತ್ತು ಮ್ಯಾಂಡೊಲಿನ್ ಎರಡಕ್ಕೂ ಜಿ, ಡಿ, ಎ, ಇ ಎಂಬ ಒಂದೇ ಶ್ರುತಿ. ಮ್ಯಾಂಡೊಲಿನ್‌ನಲ್ಲಿ ಪ್ರತಿ ಸ್ವರಕ್ಕೆ ಎರಡೆರಡು ತಂತಿ, ಅಷ್ಟೆ. ಆಕೆ ವಾದ್ಯವನ್ನು ಹಾಗೆ ಶ್ರುತಿ ಮಾಡಿಕೊಂಡರೆ ಇಬ್ಬರೂ ಒಂದೇ ಬೆರಳ ಹಾದಿಯಲ್ಲಿ ನಡೆಯಬಹುದು, ಒಬ್ಬರಿಂದೊಬ್ಬರು ಕಲಿಯಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾರುಗಳನ್ನು ಆಕೆ ಧಾರಾಳವಾಗಿ ಬಳಸಲಿ, ಆದರೆ ಸ್ವರವನ್ನು ಅಲುಗಿಸುವ ಕಂಪಿತವನ್ನು ಬಿಡಲಿ. ಎರಡು ತಂತಿಗಳನ್ನು ಒಟ್ಟಿಗೆ ಉಜ್ಜುವ ಅಭ್ಯಾಸ ಮಾಡಿಕೊಳ್ಳಲಿ.

ಹಾಡಿನ ವಿಷಯಕ್ಕೆ ಬಂದರೆ, ಮನ್ರೋ ಅವರು 1951ರಲ್ಲಿ ಧ್ವನಿಮುದ್ರಿಸಿದ ‘ಕ್ರಿಸ್‌ಮಸ್ ಟೈಮ್ಸ್ ಎ-ಕಮಿನ್’ ಈ ಶೈಲಿಗಾಗಿಯೇ ಹುಟ್ಟಿದ ಹಾಡು. ಬರೆದವರು ಟೆಕ್ಸ್ ಲೋಗನ್. ಅವರು ಫಿಡಲ್ ವಾದಕರು, ಬೆಲ್ ಪ್ರಯೋಗಾಲಯದಲ್ಲಿ ಎಂಜಿನಿಯರ್ ಕೂಡ ಆಗಿದ್ದರು. ಹಬ್ಬಕ್ಕೆ ಊರಿಗೆ ಹೊರಟವರ ಸಂಭ್ರಮ ಅದರಲ್ಲಿದೆ. ಅದರಿಂದಲೇ ಆರಂಭಿಸಿ.

ನಂದಿಬೆಟ್ಟದ ತಪ್ಪಲು:

ಮೇಷ್ಟ್ರ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಕೊನೆಯದೊಂದನ್ನು ಬಿಟ್ಟು. ಹೊಸ ತಂಡ ಅಷ್ಟು ವೇಗದ ಹಾಡನ್ನು ಮೊದಲು ಕೈಗೆತ್ತಿಕೊಂಡರೆ ಎಲ್ಲರ ಗಮನವೂ ಬೆರಳುಗಳ ಮೇಲೆಯೇ ನಿಂತು ಕಂಠಗಳು ಹಿಂದುಳಿಯುತ್ತವೆ. ನನ್ನ ಮಟ್ಟಿಗೆ ಈ ಸಂಗೀತದ ಪ್ರಾಣವಿರುವುದು ಕಂಠಗಳ ಹೊಂದಾಣಿಕೆಯಲ್ಲಿ.

ನಮ್ಮ ಚಿಕ್ಕಬಳ್ಳಾಪುರದ ಕಡೆ ಇದೇ ಚಳಿಯಲ್ಲಿ, ಧನುರ್ಮಾಸದ ನಸುಕಿನಲ್ಲಿ, ಭಜನೆಯವರು ಬೀದಿಗಳಲ್ಲಿ ಹಾಡುತ್ತಾ ಬರುತ್ತಾರೆ. ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ಅದೇ ಸ್ವರದಲ್ಲಿ ಎತ್ತಿಕೊಳ್ಳುತ್ತಾರೆ. ಬಾಲ್ಯದಿಂದ ಅದನ್ನು ಕೇಳಿ ಬೆಳೆದ ನಮಗೆ ಒಂದೇ ಮಾತನ್ನು ಮೂವರು ಮೂರು ಸ್ವರಗಳಲ್ಲಿ ಹಾಡುವುದು ಸುಲಭವಾಗಿ ಒಗ್ಗುವುದಿಲ್ಲ. ಮುಖ್ಯ ಗಾಯಕರು ಸ ಹಿಡಿದಾಗ ಟೆನರ್ ಹಾಡುವವರು ಮೇಲಿನ ಗ ಹಿಡಿಯಬೇಕು, ಬ್ಯಾರಿಟೋನ್ ಹಾಡುವವರು ಕೆಳಗಿನ ಪ ಹಿಡಿಯಬೇಕು; ಆ ಮೇಲಿನ ದನಿ ಕೊಂಚ ಚೂಪಾಗಿ, ಬೆಟ್ಟದ ಒಂಟಿ ಕೂಗಿನಂತೆ ಕೇಳಿಸುವುದೇ ಬ್ಲೂಗ್ರಾಸ್‌ನ ಗುರುತು. ಮೊದಲ ಎರಡು ವಾರ ವಾದ್ಯಗಳನ್ನು ಮುಟ್ಟದೆ, ತಂಬೂರಿಯ ಶ್ರುತಿಯೊಂದನ್ನೇ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಿ.

ಆರಂಭಕ್ಕೆ ನನ್ನ ಆಯ್ಕೆ ‘ಸೈಲೆಂಟ್ ನೈಟ್’. 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಆಸ್ಟ್ರಿಯದ ಒಬರ್ನ್‌ಡಾರ್ಫ್‌ನಲ್ಲಿ ಅದನ್ನು ಮೊದಲ ಸಲ ಹಾಡಿದ್ದೇ ಇಬ್ಬರು, ಒಂದು ಗಿಟಾರಿನೊಡನೆ. ಮೂರು ಎಣಿಕೆಯ ನಡೆ. ಗಿಟಾರ್ ಒಂದಕ್ಕೆ ತಳದ ಸ್ವರ, ಮ್ಯಾಂಡೊಲಿನ್ ಎರಡು ಮತ್ತು ಮೂರಕ್ಕೆ ಮೃದುವಾದ ಚಾಪ್. ಕನ್ನಡದಲ್ಲಿಯೇ ಹಾಡಿ. ಶೈಲಿಯಿರುವುದು ನಾದದಲ್ಲಿ, ಭಾಷೆಯಲ್ಲಲ್ಲ.

ಕ್ಯಾತ್ಸಂದ್ರದ ಪಿಟೀಲು ಮೇಷ್ಟ್ರು:

ತಪ್ಪಲಿನವರು ಹೇಳಿದ ಕ್ರಮವೇ ಸರಿ, ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಚರಣಗಳ ನಡುವೆ ಪಿಟೀಲು ಒಮ್ಮೆ, ಮ್ಯಾಂಡೊಲಿನ್ ಒಮ್ಮೆ ಹಾಡಿನ ಧಾಟಿಯನ್ನು ಒಂಟಿಯಾಗಿ ನುಡಿಸಲಿ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಸರದಿ ಬಂದವರು ಒಂದು ಹೆಜ್ಜೆ ಮುಂದೆ ಬರಬೇಕು, ಉಳಿದವರು ಹಿಂದೆ ಸರಿದು ದನಿ ತಗ್ಗಿಸಬೇಕು. ಹಿಂದಿನ ತಂಡಗಳು ಒಂದೇ ಮೈಕಿನ ಮುಂದೆ ಹೀಗೆಯೇ ನುಡಿಸುತ್ತಿದ್ದವು; ಮೈಕೇ ಇಲ್ಲದ ಮನೆಯಂಗಳಕ್ಕೂ ಇದು ಒಪ್ಪುತ್ತದೆ.

ರಾಬರ್ಟ್‌ಸನ್‌ಪೇಟೆ ಗಿಟಾರ್:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಗಣಿ 2001ರಲ್ಲಿ ಮುಚ್ಚಿದ ಮೇಲೆ ನಮ್ಮಲ್ಲಿ ಅನೇಕರು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು, ಆದ್ದರಿಂದ ತಾಲೀಮಿಗೆ ಭಾನುವಾರ ಮಾತ್ರ ಸಿಗುತ್ತದೆ. ಮೂರು ಕಂಠಗಳ ಅಭ್ಯಾಸವನ್ನು ಈ ಭಾನುವಾರವೇ ತೊಡಗುತ್ತೇವೆ. ಊರಿಗೆ ಮರಳುವವರ ಹಾಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇವೆ. ತಾತನವರ ಮ್ಯಾಂಡೊಲಿನ್‌ನ ಎಂಟು ತಂತಿಗಳಲ್ಲಿ ಐದು ತುಕ್ಕು ಹಿಡಿದಿದ್ದವು. ಎಂಟನ್ನೂ ಬದಲಾಯಿಸಲು ನಿನ್ನೆ ಕೊಟ್ಟು ಬಂದೆ.